ಅಲೆಯ ಮೇಲೆ ದುಬಾರಿ ಡೈವ್ ವಾಚ್: ಯಾವುದು, ಯಾವ ಪಟ್ಟಿಯಲ್ಲಿ, ಯಾರಿಗೆ

ಡೈವ್ ವಾಚ್, ಅಂದರೆ ಮುಳುಗುಗಾರರಿಗೆಂದು ಮಾಡಿದ ಗಡಿಯಾರ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಡಯಲ್ ಮೇಲಿನ ಸಂಖ್ಯೆಯ ಕಡೆಗೆ: 200 ಮೀಟರ್, 300 ಮೀಟರ್, 600 ಮೀಟರ್. ಸರ್ಫಿಂಗ್‌ಗೆಂದು ಆರಿಸುವಾಗ ಎಲ್ಲಕ್ಕಿಂತ ಕೊನೆಗೆ ನೋಡಬೇಕಾದದ್ದು ಅದೇ ಸಂಖ್ಯೆ. ಸಮುದ್ರದಲ್ಲಿ ಸರ್ಫರ್‌ಗಳ ದುಬಾರಿ ಗಡಿಯಾರಗಳು ಹಾಳಾಗುವುದಕ್ಕಿಂತ ಕಳೆದುಹೋಗುವ ಸಾಧ್ಯತೆಯೇ ಹೆಚ್ಚು. ನೀರು ಒಳಗೆ ನುಗ್ಗುವುದಕ್ಕಿಂತ ಮೊದಲು ಗಡಿಯಾರವೇ ಮಣಿಕಟ್ಟಿನಿಂದ ಜಾರಿ ಮರಳಿನ ತಳ ಸೇರುತ್ತದೆ. ಆದ್ದರಿಂದ ಈ ಹೋಲಿಕೆಯಲ್ಲಿ ಬ್ರ್ಯಾಂಡ್‌ಗಿಂತ ಮಣಿಕಟ್ಟಿಗೆ ಕಟ್ಟುವ ಪಟ್ಟಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಆಳದ ಲೆಕ್ಕ

ಸರ್ಫರ್ ಇರುವುದು ನೀರಿನ ಮೇಲೆ. ದೊಡ್ಡ ಅಲೆ ಕೆಡವಿ ಅದುಮಿ ಹಿಡಿದರೂ ಆತ ಹೋಗುವುದು ಕೆಲವು ಮೀಟರ್ ಆಳಕ್ಕೆ. ಹತ್ತು ಮೀಟರ್ ಕೆಳಗೆ ನೀರು ಹೇರುವ ಹೆಚ್ಚುವರಿ ಒತ್ತಡ ಸುಮಾರು 1 ಬಾರ್. 200 ಮೀಟರ್ ಎಂದು ಗುರುತು ಹಾಕಿದ ಗಡಿಯಾರ ಅದರ ಇಪ್ಪತ್ತು ಪಟ್ಟು ಒತ್ತಡವನ್ನು ತಡೆಯಬೇಕು. ಡೈವ್ ವಾಚ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 6425ರ ಪ್ರಕಾರ ಗುರುತಿಸಿದ ಆಳಕ್ಕಿಂತ ಶೇ. 25ರಷ್ಟು ಹೆಚ್ಚಿನ ಒತ್ತಡದಲ್ಲೂ ಅದು ಪಾಸಾಗಬೇಕು.

ಇಲ್ಲಿ ಒಂದು ಹಳೆಯ ವಾದ ತಲೆ ಎತ್ತುತ್ತದೆ: ‘ನಿಂತ ನೀರಿನ ಲೆಕ್ಕ ಬೇರೆ, ಅಲೆ ಬಡಿಯುವ ಲೆಕ್ಕ ಬೇರೆ, ಕೈ ಬೀಸಿದರೆ ಸಾಕು, ಒತ್ತಡ ಹತ್ತಾರು ಪಟ್ಟು ಏರುತ್ತದೆ.’ ಶಾಲೆಯ ಭೌತಶಾಸ್ತ್ರವೇ ಇದಕ್ಕೆ ಉತ್ತರ ಹೇಳುತ್ತದೆ. ನೀರಿನ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನೆಯಿಂದ ಹುಟ್ಟುವ ಒತ್ತಡ ಸಿಗುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಕೈ ಬೀಸಿದರೆ ಅದು ಒಂದೂಕಾಲು ಮೀಟರ್ ಆಳಕ್ಕೆ ಸಮ. ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ನೀರಿಗೆ ಬಿದ್ದರೂ ಸುಮಾರು 5 ಮೀಟರ್ ಆಳದ ಒತ್ತಡವಷ್ಟೇ. ಗಾಜು ಚಪ್ಪಟೆಯಾಗಿ ನೀರಿಗೆ ಅಪ್ಪಳಿಸಿದ ಕ್ಷಣದಲ್ಲಿ ಒತ್ತಡ ಇದಕ್ಕಿಂತ ಮೇಲೇರಬಹುದು, ನಿಜ. ಆದರೆ ಅದು ಕಣ್ಣೆವೆ ಮುಚ್ಚುವುದರೊಳಗೆ ಮುಗಿದುಹೋಗುತ್ತದೆ. ಗ್ಯಾಸ್ಕೆಟ್ (ನೀರು ತಡೆಯುವ ರಬ್ಬರ್ ಉಂಗುರ) ಚೆನ್ನಾಗಿದ್ದು ಕ್ರೌನ್ (ಪಕ್ಕದಲ್ಲಿರುವ ತಿರುಗಿಸುವ ಗುಂಡಿ) ಬಿಗಿಯಾಗಿದ್ದರೆ 200 ಮೀಟರ್ ಧಾರಾಳ. 100 ಮೀಟರ್ ಕೂಡ ಸಾಕಾಗುತ್ತದೆ. 600 ಮೀಟರ್ ಬೇಕೆಂದು ದಪ್ಪ ಗಡಿಯಾರ ಕೊಂಡವರಿಗೆ ಅಲೆಯ ಮೇಲೆ ಸಿಗುವುದು ಹೆಚ್ಚು ರಕ್ಷಣೆಯಲ್ಲ, ಹೆಚ್ಚು ತೂಕ.

ಗ್ಯಾಸ್ಕೆಟ್ ಚೆನ್ನಾಗಿದ್ದರೆ ಎಂಬ ಷರತ್ತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರಬ್ಬರ್ ಉಂಗುರಕ್ಕೆ ವಯಸ್ಸಾಗುತ್ತದೆ, ಡಯಲ್ ಮೇಲಿನ ಸಂಖ್ಯೆಗೆ ಆಗುವುದಿಲ್ಲ. ಐವತ್ತು ವರ್ಷ ಹಳೆಯ, ಸಂಗ್ರಾಹಕರು ಕಣ್ಣಿಟ್ಟಿರುವ ಡೈವ್ ವಾಚ್ ಇದ್ದರೆ ಅದನ್ನು ಮನೆಯಲ್ಲೇ ಬಿಡಿ. ಅದರ ವಿಷಯದಲ್ಲಿ ಹೋಲಿಸಲು ಏನೂ ಇಲ್ಲ.

ಹಿಡಿದಿಡುವುದು ಯಾವುದು

ಹೆಚ್ಚಿನ ಗಡಿಯಾರಗಳನ್ನು ಪಟ್ಟಿಗೆ ಜೋಡಿಸುವುದು ಎರಡು ಸ್ಪ್ರಿಂಗ್ ಬಾರ್‌ಗಳು. ಒಳಗೆ ಸ್ಪ್ರಿಂಗ್ ಅಡಗಿರುವ ಸಣ್ಣ ಕಡ್ಡಿಗಳು ಇವು. ತುದಿಯ ಮೊಳೆಗಳು ಗಡಿಯಾರದ ಒಡಲಿನಿಂದ ಚಾಚಿದ ಕೊಂಬುಗಳಲ್ಲಿರುವ ಪುಟ್ಟ ತೂತುಗಳಲ್ಲಿ ಕುಳಿತಿರುತ್ತವೆ. ಸಾಮಾನ್ಯ ಗಡಿಯಾರಗಳಲ್ಲಿ ಇವುಗಳ ದಪ್ಪ ಒಂದೂವರೆ ಮಿಲಿಮೀಟರ್‌ನ ಆಸುಪಾಸು. ಹಲವು ಸೀಕೊ ಡೈವ್ ವಾಚ್‌ಗಳಲ್ಲಿ 2.5 ಮಿಲಿಮೀಟರ್‌ನ ದಪ್ಪ ಬಾರ್‌ಗಳಿವೆ. ಇನ್ನೂ ಎಷ್ಟೋ ದುಬಾರಿ ಹೆಸರುಗಳು ಇದನ್ನು ಏಕೆ ಅನುಸರಿಸಿಲ್ಲವೋ ನನಗೆ ಅರ್ಥವಾಗಿಲ್ಲ.

ಐಎಸ್ಒ 6425 ಈ ಜೋಡಣೆಯನ್ನೂ ಪರೀಕ್ಷಿಸುತ್ತದೆ: 200 ನ್ಯೂಟನ್ ಬಲದಿಂದ, ಅಂದರೆ ಸುಮಾರು 20 ಕಿಲೋ ಭಾರ ತೂಗುಹಾಕಿದಷ್ಟು ಬಲದಿಂದ ಎಳೆದರೂ ಬಾರ್ ಬಿಡಬಾರದು. ಸೆಕೆಂಡಿಗೆ 10 ಮೀಟರ್ ವೇಗದ ನೀರು ಗಡಿಯಾರದ ಮುಖಕ್ಕೆ ನೇರವಾಗಿ ಬಡಿದರೂ ತಳ್ಳುವ ಬಲ 100 ನ್ಯೂಟನ್ ಮುಟ್ಟುವುದು ಕಷ್ಟ. ಹಾಗಾದರೆ ಗಡಿಯಾರಗಳು ಕಳಚುವುದೇಕೆ? ನೀರೊಂದೇ ಅದಕ್ಕೆ ಕಾರಣವಾಗುವುದು ಅಪರೂಪ. ಹಲಗೆಯನ್ನು ಕಾಲಿಗೆ ಕಟ್ಟಿದ ಹಗ್ಗ, ಅಂದರೆ ಲೀಶ್, ಸುತ್ತಿಕೊಂಡು ಪಟ್ಟಿಯನ್ನು ಎಳೆಯುತ್ತದೆ. ಹಲಗೆಯ ಅಂಚಿಗೆ ಕೊಂಡಿಯ ತುಟಿ ಸಿಕ್ಕಿ ತೆರೆದುಕೊಳ್ಳುತ್ತದೆ. ತಣ್ಣೀರಿಗೆ ತೊಡುವ ಬಿಗಿ ಉಡುಪಾದ ವೆಟ್‌ಸೂಟ್‌ನ ತೋಳನ್ನು ಎಳೆದು ತೆಗೆಯುವಾಗ ಬಾರ್ ಒಂದು ಬದಿಗೆ ಓರೆಯಾಗುತ್ತದೆ. ಉಪ್ಪು ಕಚ್ಚಿದ ಸ್ಪ್ರಿಂಗ್ ಒಳಗೇ ಅಂಟಿಕೊಂಡು ಮೊಳೆ ಪೂರ್ತಿ ಹೊರಬರುವುದಿಲ್ಲ. ಪಟ್ಟಿ ಬದಲಿಸಿದಾಗ ಹಾಕಿದ ಅಗ್ಗದ ಬಾರ್‌ಗೆ ಆ 200 ನ್ಯೂಟನ್ ಪರೀಕ್ಷೆ ಅನ್ವಯಿಸಲೂ ಇಲ್ಲ.

ಈಗ ಆಯ್ಕೆಗಳು. ಉಕ್ಕಿನ ಬ್ರೇಸ್‌ಲೆಟ್ ನೋಡಲು ಗಟ್ಟಿ. ಆದರೆ ಅದರ ಕೀಲುಗಳೆಷ್ಟಿವೆಯೋ ಸೋಲುವ ಜಾಗಗಳೂ ಅಷ್ಟಿವೆ: ಎರಡು ಬಾರ್, ಒಂದು ಕೊಂಡಿ, ಕೊಂಡಿಯೊಳಗೆ ಮತ್ತೆ ಬಾರ್‌ಗಳು, ಬ್ರೇಸ್‌ಲೆಟ್ಟಿನ ತುಂಡುಗಳನ್ನು ಜೋಡಿಸಿದ ತಿರುಪುಗಳು ಅಥವಾ ಪಿನ್‌ಗಳು. ಇವುಗಳಲ್ಲಿ ಯಾವುದೊಂದು ಕೈಕೊಟ್ಟರೂ ಗಡಿಯಾರ ಹೋಯಿತು. ರೋಲೆಕ್ಸ್‌ನ ಸಬ್‌ಮರೀನರ್‌ನಲ್ಲಿರುವಂತೆ ಕೊಂಡಿಯ ಮೇಲೆ ಮತ್ತೊಂದು ಸುರಕ್ಷಾ ಮುಚ್ಚಳ ಇದ್ದರೆ ತಾನಾಗಿ ತೆರೆಯುವ ಭಯ ಬಹಳಷ್ಟು ಕಡಿಮೆ, ಆದರೆ ಬಾರ್‌ಗಳು ಆಗಲೂ ಬಾರ್‌ಗಳೇ. ಮೇಲಾಗಿ ಬ್ರೇಸ್‌ಲೆಟ್ ತಣ್ಣೀರಿನಲ್ಲಿ ಸಡಿಲವಾಗುತ್ತದೆ. ಮಣಿಕಟ್ಟು ಕುಗ್ಗುತ್ತದೆ, ಉಕ್ಕು ಕುಗ್ಗುವುದಿಲ್ಲ.

ಎರಡು ತುಂಡಿನ ರಬ್ಬರ್ ಪಟ್ಟಿ ಇದಕ್ಕಿಂತ ಹಿತ, ಹಗುರ, ಬಿಗಿಯಾಗಿ ಕೂರುತ್ತದೆ. ಆದರೂ ಮೂಲ ದೋಷ ಹಾಗೆಯೇ ಇದೆ: ಒಂದು ಬಾರ್ ಹೋದರೆ ಎಲ್ಲವೂ ಹೋಯಿತು. ರಬ್ಬರ್ ಆರಿಸುವುದಾದರೆ ಸಿಲಿಕೋನ್‌ಗಿಂತ ಫ್ಲೋರೋ ರಬ್ಬರ್ ಲೇಸು. ಸಿಲಿಕೋನ್‌ಗೆ ಸಣ್ಣ ಗೀರು ಬಿದ್ದರೆ ಅಲ್ಲಿಂದ ಹರಿಯುತ್ತಾ ಹೋಗುತ್ತದೆ. ಸನ್‌ಸ್ಕ್ರೀನ್ ಎಣ್ಣೆಯನ್ನು ಫ್ಲೋರೋ ರಬ್ಬರ್ ಚೆನ್ನಾಗಿ ತಡೆದುಕೊಳ್ಳುತ್ತದೆ.

ಒಂದೇ ತುಂಡಿನ ನೈಲಾನ್ ಪಟ್ಟಿಯೇ ನನ್ನ ಆಯ್ಕೆ. ಬ್ರಿಟಿಷ್ ರಕ್ಷಣಾ ಇಲಾಖೆ 1973ರಲ್ಲಿ ನಿಗದಿಪಡಿಸಿದ, ಈಗ ಎಲ್ಲರೂ ನೇಟೊ ಪಟ್ಟಿ ಎನ್ನುವ ಜಿ10 ಮಾದರಿ ಇದೇ. ಪಟ್ಟಿ ಎರಡೂ ಬಾರ್‌ಗಳ ಹಿಂದಿನಿಂದ, ಗಡಿಯಾರದ ಬೆನ್ನಿನ ಅಡಿಯಿಂದ ಹಾದುಹೋಗುತ್ತದೆ. ಒಂದು ಬಾರ್ ಹಾರಿದರೂ ಇನ್ನೊಂದರಲ್ಲಿ ಗಡಿಯಾರ ಜೋತುಬಿದ್ದಿರುತ್ತದೆ. ಸಾಧಾರಣ ಬಕಲ್ ಆದ್ದರಿಂದ ಅದು ತಾನಾಗಿ ತೆರೆಯುವುದಿಲ್ಲ. ಒದ್ದೆಯಾಗಿ ಭಾರವಾಗುತ್ತದೆ, ವಾಸನೆ ಹಿಡಿಯುತ್ತದೆ, ದುಬಾರಿ ಗಡಿಯಾರದ ಅಂದವನ್ನು ಸ್ವಲ್ಪ ಇಳಿಸುತ್ತದೆ. ಇರಲಿ. ಈ ಮೂರು ದೂರುಗಳಲ್ಲಿ ಯಾವುದೂ ಗಡಿಯಾರ ಕಳೆದುಕೊಂಡ ದುಃಖಕ್ಕೆ ಸಮವಲ್ಲ.

ಇದಕ್ಕಿಂತ ಒಂದು ಹೆಜ್ಜೆ ಮುಂದಿನದು ಸ್ಥಿರ ಬಾರ್: ಕೊಂಬುಗಳ ನಡುವೆ ತೆಗೆಯಲಾಗದ ಕಂಬಿ. 1970ರ ದಶಕದಲ್ಲಿ ಬ್ರಿಟನ್ನಿನ ನೌಕಾಪಡೆಗೆ ರೋಲೆಕ್ಸ್ ಕೊಟ್ಟ ಸಬ್‌ಮರೀನರ್‌ಗಳಲ್ಲಿ ಹೀಗೆ ಬೆಸೆದ ಬಾರ್‌ಗಳಿದ್ದವು. ಈಗ ಇದೇ ಉಪಾಯ ಟ್ಯೂಡರ್‌ನ ಪೆಲಗೋಸ್ ಎಫ್ಎಕ್ಸ್‌ಡಿಯಲ್ಲಿದೆ. ಇದರಲ್ಲಿ ಸ್ಪ್ರಿಂಗ್ ಬಾರ್ ಎಂಬ ದುರ್ಬಲ ಕೊಂಡಿಯೇ ಇಲ್ಲ. ಪಟ್ಟಿ ಹರಿಯಬೇಕು ಅಥವಾ ಬಕಲ್ ಮುರಿಯಬೇಕು, ಅಷ್ಟೇ.

ಉಕ್ಕೋ ಟೈಟಾನಿಯಮ್ಮೋ

ಮಣಿಕಟ್ಟಿನ ಮೇಲಿನ ಪ್ರತಿ ಗ್ರಾಂ ಪ್ಯಾಡಲ್ ಮಾಡುವಾಗ, ಅಂದರೆ ಹಲಗೆಯ ಮೇಲೆ ಮಲಗಿ ಕೈಯಿಂದ ನೀರು ತಳ್ಳುವಾಗ, ಲೆಕ್ಕಕ್ಕೆ ಬರುತ್ತದೆ. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 8 ಗ್ರಾಂ, ಟೈಟಾನಿಯಮ್ಮಿನದು 4.5. ಬ್ರೇಸ್‌ಲೆಟ್ ಸಮೇತ 150 ಗ್ರಾಂ ದಾಟುವ ಉಕ್ಕಿನ ಗಡಿಯಾರ ಒಂದೇ ಕೈಯಲ್ಲಿದ್ದರೆ ಎರಡು ಗಂಟೆಯ ಪ್ಯಾಡಲ್ ಮುಗಿಯುವಷ್ಟರಲ್ಲಿ ಆ ಭುಜ ದೂರು ಹೇಳುತ್ತದೆ. ಬಿದ್ದಾಗ ಅದೇ ತೂಕ ನಿಮ್ಮ ಹುಬ್ಬಿಗೋ ಹಲಗೆಯ ಫೈಬರ್‌ಗ್ಲಾಸ್‌ಗೋ ತಗಲುವುದೂ ಉಂಟು. ಹಲಗೆಯ ಮೇಲಿನ ವಿಚಿತ್ರ ಅರ್ಧಚಂದ್ರದ ತಗ್ಗುಗಳಿಗೆ ಬೆಜೆಲ್‌ನ (ಡಯಲ್ ಸುತ್ತ ತಿರುಗುವ ಉಂಗುರದ) ಹಲ್ಲೇ ಕಾರಣವಿರಬಹುದು.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಸಾಮಾನ್ಯ 316ಎಲ್ ಉಕ್ಕು ಇದನ್ನು ತಡೆಯುತ್ತದೆ, ಆದರೆ ಉಪ್ಪುನೀರು ನಿಂತು ಒಣಗುವ ಸಂದುಗಳಲ್ಲಿ, ಬೆನ್ನಿನ ಮುಚ್ಚಳದ ಅಂಚಿನಲ್ಲಿ, ಬ್ರೇಸ್‌ಲೆಟ್ಟಿನ ತುಂಡುಗಳ ನಡುವೆ ನಿಧಾನವಾಗಿ ಗುಳಿ ಬೀಳಬಹುದು. ರೋಲೆಕ್ಸ್ ಬಳಸುವ 904ಎಲ್ ಈ ವಿಷಯದಲ್ಲಿ ಉತ್ತಮ. ಟೈಟಾನಿಯಂ ಇವೆರಡಕ್ಕೂ ಮೇಲು. ಸಮುದ್ರದ ನೀರು ಅದನ್ನು ಮುಟ್ಟುವುದೇ ಇಲ್ಲ ಎನ್ನಬಹುದು. ಮೃದುವಾದ ಗ್ರೇಡ್ 2 ಟೈಟಾನಿಯಂ ಬೇಗ ಗೀರು ಬೀಳಿಸಿಕೊಳ್ಳುತ್ತದೆ, ಗ್ರೇಡ್ 5 ಅಷ್ಟು ಬೇಗ ಬೀಳಿಸಿಕೊಳ್ಳುವುದಿಲ್ಲ. ಗೀರಿಗೆ ಅಳುವವರು ಗಡಿಯಾರ ಕಟ್ಟಿಕೊಂಡು ಅಲೆಗೆ ಇಳಿಯದಿರುವುದೇ ಒಳ್ಳೆಯದು.

ಸಫೈರ್ ಗಾಜಿನ ಗಡಸುತನ ಮೋಸ್ ಮಾಪನದಲ್ಲಿ 9, ಮರಳಿನ ಕ್ವಾರ್ಟ್ಜ್ 7. ಆದ್ದರಿಂದ ಮರಳು ಗಾಜಿಗೆ ಏನೂ ಮಾಡದು. ಸೆರಾಮಿಕ್ ಬೆಜೆಲ್‌ಗೂ ಗೀರಿನ ಭಯವಿಲ್ಲ, ಆದರೆ ಬಂಡೆಗೆ ಜೋರಾಗಿ ಬಡಿದರೆ ಅದು ಸೀಳಬಹುದು. ಹಳೆಯ ಅಲ್ಯೂಮಿನಿಯಂ ಬೆಜೆಲ್ ಗೀರಿಕೊಳ್ಳುತ್ತದೆಯೇ ಹೊರತು ಒಡೆಯುವುದಿಲ್ಲ. ಹವಳದ ಅಥವಾ ಬಂಡೆಯ ತಳವಿರುವಲ್ಲಿ ಸರ್ಫ್ ಮಾಡುವವರಿಗೆ ಅಲ್ಯೂಮಿನಿಯಮ್ಮೇ ಜಾಣತನ. ಮರಳಿನ ತಳವಾದರೆ ಸೆರಾಮಿಕ್ ಇರಲಿ.

ಒಳಗಿನ ಯಂತ್ರ

ಮೆಕ್ಯಾನಿಕಲ್ ಗಡಿಯಾರದ ಲಯ ಕಾಯುವ ಬ್ಯಾಲೆನ್ಸ್ ಚಕ್ರ ನಿಂತಿರುವ ಅಚ್ಚಿನ ತುದಿ ತಲೆಗೂದಲಿನಷ್ಟು ತೆಳು. 1930ರ ದಶಕದಲ್ಲಿ ಬಂದ ಇನ್‌ಕಾಬ್ಲಾಕ್‌ನಂತಹ ಆಘಾತ ತಡೆಗಳು ಈ ತುದಿಯನ್ನು ಕಾಯುತ್ತವೆ. ಐಎಸ್ಒ 1413ರ ಪರೀಕ್ಷೆ ಒಂದು ಮೀಟರ್ ಎತ್ತರದಿಂದ ಗಟ್ಟಿ ಮರದ ನೆಲಕ್ಕೆ ಬಿದ್ದ ಪೆಟ್ಟಿಗೆ ಸಮ. ನೀರಿಗೆ ಬೀಳುವುದು ಅದಕ್ಕಿಂತ ಮೆದು. ಹಲಗೆಗೆ ಅಥವಾ ಬಂಡೆಗೆ ಬಡಿಯುವುದು ಅದಕ್ಕಿಂತ ಗಟ್ಟಿಯಾಗಬಹುದು. ಸರ್ಫ್ ಮುಗಿಸಿ ಬಂದ ಮೇಲೆ ಗಡಿಯಾರ ದಿನಕ್ಕೆ ನಿಮಿಷಗಟ್ಟಲೆ ಮುಂದೋಡತೊಡಗಿದರೆ ಆ ಚಕ್ರಕ್ಕೆ ಜೋಡಿಸಿದ ತೆಳು ಸ್ಪ್ರಿಂಗ್, ಹೇರ್‌ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟಿರಬಹುದು. ಕೈ ಅಲ್ಲಾಡಿಸಿದಾಗ ಒಳಗೆ ಹೊಸ ಸದ್ದು ಕೇಳಿದರೆ ಕೈಯ ಚಲನೆಯಿಂದ ಕೀ ಕೊಡುವ ರೋಟರ್ ಸಡಿಲವಾಗಿರಬಹುದು. ಎರಡೂ ರಿಪೇರಿಯಾಗುತ್ತವೆ.

ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರದಲ್ಲಿ ಈ ತಲೆನೋವಿಲ್ಲ. ಅಲೆಯ ಮೇಲೆ ಅದೇ ಸರಿಯಾದ ಯಂತ್ರ. ಆದರೆ ದುಬಾರಿ ಡೈವ್ ವಾಚ್‌ಗಳ ಲೋಕದಲ್ಲಿ ಕ್ವಾರ್ಟ್ಜ್ ವಿರಳ, ಕೊಳ್ಳುವವರು ಒಪ್ಪುವುದಿಲ್ಲ. ಸೀಕೊದ ‘ಟ್ಯೂನಾ’ ಸಾಲಿನ ಕ್ವಾರ್ಟ್ಜ್ ಮಾದರಿಗಳು ಇದಕ್ಕೆ ಗೌರವಯುತ ಅಪವಾದ. ಆ ಸಾಲಿನ ಮೊದಲ ಗಡಿಯಾರ (ಅದು ಮೆಕ್ಯಾನಿಕಲ್) 1975ರಲ್ಲಿ ಟೈಟಾನಿಯಂ ಒಡಲು, 600 ಮೀಟರ್ ಗುರುತು, ಪೆಟ್ಟು ತಡೆಯಲು ಸುತ್ತಲೂ ಒಂದು ಹೊರಕವಚದೊಡನೆ ಬಂದಿತ್ತು. ಕವಚದಿಂದಾಗಿ ಗಾತ್ರ ಮಾತ್ರ ವಿಪರೀತ.

ಹೆಸರು ಹಿಡಿದು ಹೇಳುವುದಾದರೆ

ರೋಲೆಕ್ಸ್ ಸಬ್‌ಮರೀನರ್ ಕಾಣಿಸಿಕೊಂಡದ್ದು 1953ರಲ್ಲಿ, ಆಗ ಅದರ ಗುರುತು 100 ಮೀಟರ್. 2020ರಿಂದ 41 ಮಿಲಿಮೀಟರ್ ಗಾತ್ರ, 300 ಮೀಟರ್ ಗುರುತು. ಹೋಲಿಸಿದರೆ ತೆಳು, ಕೊಂಡಿ ಅತ್ಯುತ್ತಮ. ಉಪಕರಣವಿಲ್ಲದೆ 2 ಮಿಲಿಮೀಟರ್ ಹೆಜ್ಜೆಗಳಲ್ಲಿ 20 ಮಿಲಿಮೀಟರ್‌ವರೆಗೆ ಹಿಗ್ಗಿಸಬಹುದು, ವೆಟ್‌ಸೂಟ್ ತೊಡುವವರಿಗೆ ಇದು ನಿಜಕ್ಕೂ ಉಪಯೋಗ. ಬ್ರೇಸ್‌ಲೆಟ್ಟಿನಲ್ಲೇ ಅಲೆಗೆ ಇಳಿಯಲೇಬೇಕೆಂದು ಹಟವಿದ್ದರೆ ನಾನು ಒಪ್ಪಿಕೊಳ್ಳುವುದು ಇದೊಂದನ್ನೇ. ಇದರ ನಿಜವಾದ ತೊಂದರೆ ದಡದ ಮೇಲಿದೆ: ದೂರದಿಂದಲೂ ಗುರುತು ಸಿಗುತ್ತದೆ, ಟವೆಲ್ ಕೆಳಗೆ ಬಚ್ಚಿಟ್ಟು ಹೋಗುವ ವಸ್ತುವಲ್ಲ.

ಒಮೆಗಾ ಸೀಮಾಸ್ಟರ್ ಡೈವರ್ 300ಎಂ 1993ರಿಂದ ಇದೆ. ಈಗಿನ ಮಾದರಿ 42 ಮಿಲಿಮೀಟರ್, 15,000 ಗೌಸ್‌ವರೆಗಿನ ಕಾಂತಕ್ಷೇತ್ರಕ್ಕೆ ಜಗ್ಗುವುದಿಲ್ಲ. ಹತ್ತು ಗಂಟೆಯ ಜಾಗದಲ್ಲಿ ಹೀಲಿಯಂ ಹೊರಬಿಡುವ ಕವಾಟವಿದೆ. ದಿನಗಟ್ಟಲೆ ಒತ್ತಡದ ಕೋಣೆಯಲ್ಲಿ ವಾಸಿಸುವ ಮುಳುಗುಗಾರರಿಗಾಗಿ ಇಟ್ಟದ್ದು ಅದು. ಸರ್ಫರ್‌ಗೆ ಅದು ಮರಳು ಸೇರುವ ಇನ್ನೊಂದು ಮೂಲೆ. ಬೆಜೆಲ್‌ನ ಅಲೆಯಂಚು ಒದ್ದೆ ಬೆರಳಿಗೆ ಜಾರುತ್ತದೆ. ಕಚೇರಿಗೂ ಕಡಲಿಗೂ ಒಂದೇ ಗಡಿಯಾರ ಬೇಕೆನ್ನುವವರಿಗೆ ರಬ್ಬರ್ ಪಟ್ಟಿಯಲ್ಲಿ ಚೆನ್ನ.

ಟ್ಯೂಡರ್ ಪೆಲಗೋಸ್ ಎಫ್ಎಕ್ಸ್‌ಡಿ 2021ರಲ್ಲಿ ಫ್ರೆಂಚ್ ನೌಕಾಪಡೆಯ ಜೊತೆ ರೂಪುಗೊಂಡದ್ದು. ಟೈಟಾನಿಯಂ, 42 ಮಿಲಿಮೀಟರ್, 200 ಮೀಟರ್, ಸ್ಥಿರ ಬಾರ್. ಮೇಲೆ ಹೇಳಿದ ಎಲ್ಲವನ್ನೂ ಕೂಡಿಸಿ ನೋಡಿದರೆ ದುಬಾರಿ ಗಡಿಯಾರಗಳಲ್ಲಿ ಸರ್ಫಿಂಗ್‌ಗೆ ಇದಕ್ಕೆ ಸಾಟಿಯಿಲ್ಲ, ಅದನ್ನು ರೂಪಿಸಿದವರ ತಲೆಯಲ್ಲಿ ಸರ್ಫಿಂಗ್ ಇರಲಿಲ್ಲವಾದರೂ. ಮೊದಲ ನೀಲಿ ಮಾದರಿಯ ಬೆಜೆಲ್ 60ರಿಂದ ಕೆಳಗೆ ಎಣಿಸುತ್ತದೆ. ಅರ್ಧ ಗಂಟೆಯ ಸ್ಪರ್ಧಾಸುತ್ತಿನಲ್ಲಿ ಉಳಿದ ನಿಮಿಷ ನೋಡಲು ಅದು ಅನುಕೂಲ. ಎರಡೂ ದಿಕ್ಕಿಗೆ ತಿರುಗುವುದರಿಂದ ಹಲಗೆಗೆ ಉಜ್ಜಿ ಸರಿಯಬಹುದು ಎಂಬುದನ್ನು ಮರೆಯಬೇಡಿ. ಜೊತೆಗೆ ಬರುವ ಬಟ್ಟೆಯ ಪಟ್ಟಿ ಒತ್ತಿ ಅಂಟಿಸುವ ಬಗೆಯದು. ಮರಳು ತುಂಬಿದರೆ ಅದರ ಹಿಡಿತ ಸೋಲುತ್ತದೆ. ಬಕಲ್ ಇರುವ ಪಟ್ಟಿ ಹಾಕಿಕೊಳ್ಳಿ.

ಬ್ರೈಟ್ಲಿಂಗ್ 2018ರಲ್ಲಿ ಕೆಲ್ಲಿ ಸ್ಲೇಟರ್, ಸ್ಟೆಫನಿ ಗಿಲ್ಮೋರ್, ಸ್ಯಾಲಿ ಫಿಟ್ಜ್‌ಗಿಬನ್ಸ್ ಅವರನ್ನು ಸೇರಿಸಿ ಸರ್ಫರ್‌ಗಳ ತಂಡವನ್ನೇ ಕಟ್ಟಿತು. ಅದರ ಸೂಪರ್ ಓಷನ್ ಒಳ್ಳೆಯ ಗಡಿಯಾರವೇ. ಆದರೆ ವಿಶ್ವ ಚಾಂಪಿಯನ್ ಮಣಿಕಟ್ಟಿನಲ್ಲಿ ಇದೆ ಎಂಬುದು ಒಪ್ಪಂದದ ಸಾಕ್ಷಿ, ಸ್ಪ್ರಿಂಗ್ ಬಾರ್‌ನ ಸಾಕ್ಷಿಯಲ್ಲ. ಅದನ್ನೂ ಒಂದೇ ತುಂಡಿನ ಪಟ್ಟಿಗೆ ಹಾಕಿದರೆ ಸಬ್‌ಮರೀನರ್‌ನ ಪಕ್ಕದಲ್ಲೇ ನಿಲ್ಲಿಸಬಹುದು.

ಉಬ್ಬರವಿಳಿತ ತೋರಿಸುವ ಗಡಿಯಾರದ ಎದುರು

ಸರ್ಫರ್‌ಗೆ ಬೇಕಾದ ಮಾಹಿತಿ ಎರಡೇ: ನೀರಿಗೆ ಇಳಿದು ಎಷ್ಟು ಹೊತ್ತಾಯಿತು, ಉಬ್ಬರ ಎಲ್ಲಿದೆ. ಕ್ಯಾಸಿಯೊದ ಜಿ-ಲೈಡ್ ಸಾಲು ಉಬ್ಬರವಿಳಿತದ ರೇಖೆ, ಚಂದ್ರನ ಹಂತ ಎರಡನ್ನೂ ಪರದೆಯ ಮೇಲೆ ತೋರಿಸುತ್ತದೆ. ಬಡಿದರೆ ಚಿಂತೆಯಿಲ್ಲ, ಕಳೆದರೆ ಒಂದು ದಿನದ ಬೇಸರ. ರಿಪ್ ಕರ್ಲ್ 2014ರಲ್ಲಿ ಹಿಡಿದ ಅಲೆಗಳ ಸಂಖ್ಯೆ, ವೇಗ, ದೂರವನ್ನು ಜಿಪಿಎಸ್‌ನಿಂದ ಅಳೆಯುವ ಗಡಿಯಾರ ತಂದಿತು. ವರ್ಲ್ಡ್ ಸರ್ಫ್ ಲೀಗ್‌ನ ಸ್ಪರ್ಧಿಗಳು 2023ರಿಂದ ಆ್ಯಪಲ್ ವಾಚ್‌ನಲ್ಲಿ ತಮ್ಮ ಅಂಕ, ಉಳಿದ ಸಮಯ, ಆದ್ಯತೆಯನ್ನು (ಮುಂದಿನ ಅಲೆ ಹಿಡಿಯುವ ಮೊದಲ ಹಕ್ಕು ಯಾರದು ಎಂಬುದನ್ನು) ನೀರಿನಲ್ಲೇ ನೋಡುತ್ತಿದ್ದಾರೆ. ಉಪಯೋಗವೊಂದೇ ಅಳತೆಗೋಲಾದರೆ ದುಬಾರಿ ಡೈವ್ ವಾಚ್ ಇಲ್ಲಿ ಸೋಲುತ್ತದೆ, ಅದೂ ದೊಡ್ಡ ಅಂತರದಿಂದ.

ಹಾಗೆಂದು ಅದು ಪೂರ್ತಿ ನಿರುಪಯುಕ್ತವಲ್ಲ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ಇರುವ ಕರಾವಳಿಯಲ್ಲಿ ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಉಬ್ಬರದ ಹೊತ್ತಿಗೆ ಗಂಟೆ ಮುಳ್ಳು ಎಲ್ಲಿರುತ್ತದೆಯೋ ಅಲ್ಲಿಗೆ ಬೆಜೆಲ್‌ನ ತ್ರಿಕೋನವನ್ನು ತಿರುಗಿಸಿಡಿ. ಗಂಟೆ ಮುಳ್ಳು ತ್ರಿಕೋನದ ಹತ್ತಿರ ಬಂದಂತೆ ನೀರು ಏರುತ್ತಿದೆ ಎಂದರ್ಥ. ಸರಿಯಾಗಿ ಎದುರು ದಿಕ್ಕಿನ ಸ್ವಲ್ಪ ಆಚೆ ಇದ್ದರೆ ಇಳಿತದ ತಳ. ಮರುದಿನ ತ್ರಿಕೋನವನ್ನು, ಗಂಟೆ ಮುಳ್ಳು ಸುಮಾರು 50 ನಿಮಿಷದಲ್ಲಿ ಸಾಗುವಷ್ಟು ಮುಂದೆ ಸರಿಸಬೇಕು. ಬ್ಯಾಟರಿ ಇಲ್ಲದ ಉಬ್ಬರ ಸೂಚಕ ಸಿದ್ಧ.

ಇನ್ನೂ ಹಲಗೆಯ ಮೇಲೆ ನಿಲ್ಲಲು ಕಲಿಯುತ್ತಿರುವವರಿಗೆ ನನ್ನ ಸಲಹೆ ನೇರ: ಬರಿಗೈ, ಇಲ್ಲವೇ ಪ್ಲಾಸ್ಟಿಕ್ ಗಡಿಯಾರ. ಕಲಿಯುವವರು ಬೀಳುವುದು ಹೆಚ್ಚು, ಬಿದ್ದಾಗ ಹಲಗೆಯ ಹತ್ತಿರವೇ ಬೀಳುತ್ತಾರೆ, ಸುತ್ತಲೂ ಇನ್ನಷ್ಟು ಕಲಿಯುವವರಿರುತ್ತಾರೆ. ತಂದೆ ಬಿಟ್ಟುಹೋದ ಗಡಿಯಾರ, ನಿವೃತ್ತಿಯ ಉಡುಗೊರೆ ಮುಂತಾದ, ಮತ್ತೆ ಸಿಗಲಾರದ ಗಡಿಯಾರ ಎಷ್ಟೇ ನುರಿತವರಾದರೂ ಬೇಡ. ವಿಮೆ ಹಣವನ್ನಷ್ಟೇ ಮರಳಿಸುತ್ತದೆ. ವಿಮೆ ಇದ್ದರೂ ನೀರಿನ ಕ್ರೀಡೆಯಲ್ಲಿ ಕಳೆದದ್ದಕ್ಕೆ ಅನ್ವಯಿಸುತ್ತದೆಯೇ ಎಂದು ಓದಿ ನೋಡಿ, ಗಡಿಯಾರದ ಕ್ರಮಸಂಖ್ಯೆಯನ್ನು ಬೇರೆಡೆ ಬರೆದಿಡಿ.

ಇಳಿಯುವ ಮುನ್ನ, ಬಂದ ಮೇಲೆ

ಯಾವ ಕೈಗೆ ಕಟ್ಟಬೇಕು ಎಂಬುದನ್ನು ಹೆಚ್ಚಿನವರು ಯೋಚಿಸುವುದಿಲ್ಲ. ಹಲಗೆಯ ಮೇಲೆ ಅಂಗೈ ಊರಿ ಏಳುವಾಗ ಮಣಿಕಟ್ಟು ಪೂರ್ತಿ ಹಿಂದಕ್ಕೆ ಬಾಗುತ್ತದೆ. ಎಡಗೈಯಲ್ಲಿದ್ದರೆ ಮೂರು ಗಂಟೆಯ ಕಡೆಯ ಕ್ರೌನ್ ಕೈಬೆನ್ನಿಗೆ ಚುಚ್ಚುತ್ತದೆ. ಬಲಗೈಗೆ ಕಟ್ಟಿದರೆ ಕ್ರೌನ್ ಮೊಳಕೈ ಕಡೆಗೆ ತಿರುಗಿ ಆ ನೋವು ತಪ್ಪುತ್ತದೆ. ಅಥವಾ ಗಡಿಯಾರವನ್ನು ಮಣಿಕಟ್ಟಿನ ಮೂಳೆಯ ಮೇಲ್ಭಾಗಕ್ಕೆ ಏರಿಸಿ ಬಿಗಿಯಿರಿ. ವೆಟ್‌ಸೂಟ್ ಇದ್ದರೆ ತೋಳಿನ ಅಡಿಯಲ್ಲಿ ಕಟ್ಟುವುದು ಸುರಕ್ಷಿತ, ಸಮಯ ನೋಡಲು ತೊಡಕು. ತೋಳಿನ ಮೇಲೆ ಕಟ್ಟಿದರೆ ಸೂಟ್ ತೆಗೆಯುವ ಮುನ್ನ ಗಡಿಯಾರವನ್ನು ಬಿಚ್ಚಿಡಿ.

ಇಳಿಯುವ ಮುನ್ನ ಕ್ರೌನ್ ತಿರುಪು ಬಿಗಿಯಾಗಿದೆಯೇ ನೋಡಿ, ಎರಡೂ ಬಾರ್‌ಗಳನ್ನು ಹೆಬ್ಬೆರಳಿನಿಂದ ತಳ್ಳಿ ನೋಡಿ. ನೀರಿನಲ್ಲಿದ್ದಾಗ ಕ್ರೌನ್ ಮುಟ್ಟಬೇಡಿ. ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ನೀರಿನೊಳಗೇ ಬೆಜೆಲ್ ಒಂದು ಸುತ್ತು ತಿರುಗಿಸಿ. ಹಲಗೆಯ ಮೇಣವೂ ಮರಳೂ ಬೆರೆತು ಅದರಡಿ ಗಟ್ಟಿಯಾದರೆ ಉಗುರುಬೆಚ್ಚಗಿನ ನೀರು, ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು. ಸರ್ಫ್ ಮುಗಿಸಿ ಬಿಸಿನೀರಿನ ಸ್ನಾನಕ್ಕೆ ಗಡಿಯಾರದ ಸಮೇತ ಹೋಗಬೇಡಿ; ಬಿಸಿಗೆ ಲೋಹ, ಗಾಜು, ರಬ್ಬರ್ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಉಪ್ಪುನೀರಿಗೆ ಮೇಲಿಂದ ಮೇಲೆ ಹೋಗುವ ಗಡಿಯಾರಕ್ಕೆ ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಮಾಡಿಸಿ, ಆಗಲೇ ಸ್ಪ್ರಿಂಗ್ ಬಾರ್‌ಗಳನ್ನೂ ಬದಲಿಸಿ.

ಗಾಜಿನ ಒಳಗೆ ಮಂಜು ಕಟ್ಟಿದ್ದು ಕಂಡು, ಅದು ಕೆಲವು ನಿಮಿಷಗಳಾದರೂ ಹೋಗದಿದ್ದರೆ ನೀರು ಒಳಸೇರಿದೆ ಎಂದೇ ತಿಳಿಯಿರಿ. ಬಿಸಿಲಿಗೆ ಇಡುವುದು, ಅಕ್ಕಿಯಲ್ಲಿ ಹೂಳುವುದು ಯಾವುದೂ ಬೇಡ. ನೀರು ಆವಿಯಾಗಿ ಹೋದರೂ ಉಪ್ಪು ಒಳಗೇ ಉಳಿದು ಉಕ್ಕಿನ ಬಿಡಿಭಾಗಗಳನ್ನು ತಿನ್ನುತ್ತದೆ. ಆ ದಿನವೇ ಅಥವಾ ಮರುದಿನ ರಿಪೇರಿಗಾರರ ಕೈಗೆ ಕೊಟ್ಟು ಸಮುದ್ರದ ನೀರು ಎಂದು ಸ್ಪಷ್ಟವಾಗಿ ಹೇಳಿ. ಆಗ ಅವರು ಒಣಗಿಸಿ ನೋಡೋಣ ಎಂದು ಕೂರದೆ ಪೂರ್ತಿ ಬಿಚ್ಚಿ ತೊಳೆಯುತ್ತಾರೆ.